ಕ್ರಾಯ್ಡನ್ನಿನ ಪುಸ್ತಕಭಂಡಾರವೂ ಮನೆಕಂದಾಯದ ಒಂದು ಪೆನ್ನಿಯೂ

ಲಂಡನ್ ನಗರದ ನಡುಭಾಗದಿಂದ ದಕ್ಷಿಣಕ್ಕೆ ಸುಮಾರು ಹತ್ತು ಮೈಲಿ ದೂರದಲ್ಲಿ ಕ್ರಾಯ್ಡನ್ ಎಂಬ ಊರುಂಟು. ದೊಡ್ಡ ಯುದ್ಧಗಳಿಂದಾಗಲಿ ಮಹಾಕವಿಗಳಿಂದಾಗಲಿ ಹೆಸರಾದ ಸ್ಥಳವಲ್ಲ. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷರ ಹಳೆಯ ಅರಮನೆಯೊಂದು ಅಲ್ಲಿರುವುದನ್ನು ಬಿಟ್ಟರೆ, ದೂರದೇಶದ ಇತಿಹಾಸಾಸಕ್ತರು ಅದರ ಕಡೆ ತಿರುಗಿ ನೋಡುವ ಕಾರಣವಿಲ್ಲ. ಆದರೂ ಬೆಂಗಳೂರಿನಲ್ಲಿ ಮನೆಯುಳ್ಳವನು ವರ್ಷವರ್ಷವೂ ಸಲ್ಲಿಸುವ ಆಸ್ತಿತೆರಿಗೆಯೊಡನೆ ಗ್ರಂಥಾಲಯದ ಕರವೆಂಬ ಸಣ್ಣ ಬಾಬೊಂದು ಸೇರಿದೆಯಲ್ಲವೆ? ಅದರ ವಂಶಾವಳಿಯನ್ನು ಹುಡುಕುತ್ತ ಹೊರಟರೆ ದಾರಿಯು 1965ರ ಮೈಸೂರು ಶಾಸನಕ್ಕೂ, ಅಲ್ಲಿಂದ 1948ರ ಮದರಾಸು ಶಾಸನಕ್ಕೂ, ಅಲ್ಲಿಂದ 1924-25ರ ಚಳಿಗಾಲದಲ್ಲಿ ಕ್ರಾಯ್ಡನ್ನಿನ ಪುಸ್ತಕಭಂಡಾರದಲ್ಲಿ ಕೆಲಸ ಕಲಿಯುತ್ತಿದ್ದ ಒಬ್ಬ ಗಣಿತೋಪಾಧ್ಯಾಯರ ಬಳಿಗೂ ಕರೆದೊಯ್ಯುತ್ತದೆ. ಆ ದಾರಿಯಲ್ಲಿ ಏನು ಇಲ್ಲಿಯವರೆಗೆ ಬಂದಿತು, ಏನು ಹಿಂದೆ ಉಳಿಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

1801ನೆಯ ಇಸವಿಯ ಜನಗಣನೆಯಲ್ಲಿ ಕ್ರಾಯ್ಡನ್ನಿನ ಜನಸಂಖ್ಯೆ ಆರು ಸಾವಿರಕ್ಕೂ ಕಡಮೆಯಾಗಿತ್ತು. 1803ರಲ್ಲಿ ಕುದುರೆಗಳು ಎಳೆಯುವ ಕಬ್ಬಿಣದ ಹಳಿಯ ದಾರಿಯೊಂದು ಥೇಮ್ಸ್ ನದಿಯ ದಡದ ವಾಂಡ್ಸ್‌ವರ್ತಿನಿಂದ ಅಲ್ಲಿಯವರೆಗೆ ಬಂದಿತು. 1839ರಲ್ಲಿ ಲಂಡನ್ನಿನಿಂದ ಉಗಿಬಂಡಿಯೇ ಬಂದಿತು. ಆಮೇಲೆ ಊರು ಬೆಳೆದ ರಭಸವನ್ನು ಒಂದೇ ಅಂಕಿ ತೋರಿಸುತ್ತದೆ: 1901ಕ್ಕೆ ಅಲ್ಲಿಯ ಜನಸಂಖ್ಯೆ 1,34,000ದ ಹತ್ತಿರ ಮುಟ್ಟಿತ್ತು. ಹೀಗೆ ಬಂದು ನೆಲಸಿದವರಲ್ಲಿ ಬಹುಮಂದಿ ಬೆಳಗ್ಗೆ ಬಂಡಿ ಹತ್ತಿ ಲಂಡನ್ನಿನ ಕಚೇರಿ ಕೋಠಿಗಳಿಗೆ ಹೋಗಿ ಸಂಜೆಗೆ ಮರಳುವ ಗುಮಾಸ್ತರು, ವ್ಯಾಪಾರಿಗಳು, ಸಣ್ಣ ಅಧಿಕಾರಿಗಳು. ಮಹಾನಗರವೊಂದರ ಅಂಚಿನಲ್ಲಿ ಅದರ ದುಡಿಮೆಯನ್ನು ಉಂಡು ಬೆಳೆಯುವ ಇಂತಹ ಊರನ್ನು ಉಪನಗರವೆಂದು ಕರೆಯುವುದು ವಾಡಿಕೆ. ಉಪನಗರದ ಕಷ್ಟವೂ ಅಲ್ಲಿಯೇ ಉಂಟು. ಅಲ್ಲಿಯ ಗಂಡಸರಿಗೆ ಹಗಲಿನ ಬಾಳೆಲ್ಲ ಬೇರೆಯ ಕಡೆ ಕಳೆಯುತ್ತದೆ. ರಂಗಮಂದಿರ, ವಿದ್ಯಾಸಭೆ, ದೊಡ್ಡ ಪುಸ್ತಕಶಾಲೆ ಎಲ್ಲವೂ ಮಹಾನಗರದಲ್ಲಿಯೇ ಇದ್ದು ಉಪನಗರದಲ್ಲಿ ಮಲಗುವ ಮನೆಗಳು ಮಾತ್ರ ಉಳಿಯುತ್ತವೆ.

ಕ್ರಾಯ್ಡನ್ನಿನವರು ತಮ್ಮ ಊರಿನ ಸೌಕರ್ಯಗಳಿಗೆ ತಾವೇ ಹಣ ಕೊಡುವುದನ್ನು ಮೊದಲು ಕಲಿತದ್ದು ಪುಸ್ತಕದಿಂದಲ್ಲ, ನೀರಿನಿಂದ. 1848ರ ಸಾರ್ವಜನಿಕ ಆರೋಗ್ಯದ ಶಾಸನವಾದೊಡನೆ ಸ್ಥಳೀಯ ಆರೋಗ್ಯಮಂಡಲಿಯನ್ನು ಏರ್ಪಡಿಸಿಕೊಂಡ ಮೊದಲ ಊರುಗಳಲ್ಲಿ ಅದೂ ಒಂದು. 1851ರಲ್ಲಿ ನೀರೆತ್ತುವ ಯಂತ್ರಾಲಯವನ್ನು ಮಹಾಧರ್ಮಾಧ್ಯಕ್ಷರೇ ಬಂದು ತೆರೆದರು. ಮರುವರ್ಷವೇ ವಿಷಮಜ್ವರ ಹಬ್ಬಿ, ಹೊಸ ಕೊಳಾಯಿ ಚರಂಡಿಗಳ ಮೇಲೆ ಜನರು ಆಡಿಕೊಳ್ಳುವಂತಾಯಿತೆಂಬುದು ಬೇರೆಯ ಮಾತು. ಅಂತೂ ಮನೆಯ ಬೆಲೆಯ ಮೇಲೆ ಕಂದಾಯ ಕೊಡುವುದು, ಕೊಟ್ಟ ಹಣ ಎಲ್ಲಿ ಹೋಯಿತೆಂದು ಗದ್ದಲವೆಬ್ಬಿಸಿ ಕೇಳುವುದು, ಇವೆರಡೂ ಅಲ್ಲಿಯ ಜನರಿಗೆ ಅಭ್ಯಾಸವಾದುವು. ಪುಸ್ತಕಭಂಡಾರದ ಕಥೆ ಆರಂಭವಾಗುವಾಗ ಈ ಎರಡನೆಯ ಅಭ್ಯಾಸವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಸಾರ್ವಜನಿಕ ಪುಸ್ತಕಭಂಡಾರಗಳನ್ನು ಕಂದಾಯದ ಹಣದಿಂದ ನಡೆಯಿಸಬಹುದೆಂಬ ಶಾಸನವು ಇಂಗ್ಲೆಂಡಿನಲ್ಲಿ ಆದುದು 1850ರಲ್ಲಿ. ಪಾರ್ಲಿಮೆಂಟಿನಲ್ಲಿ ಅದನ್ನು ತಂದವರು ವಿಲಿಯಂ ಎವರ್ಟ್ ಎಂಬ ಸದಸ್ಯರು. ಅದಕ್ಕೆ ಅಂಕಿ ಅಂಶಗಳನ್ನು ಒದಗಿಸಿದವರು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸದಲ್ಲಿದ್ದ ಎಡ್ವರ್ಡ್ ಎಡ್ವರ್ಡ್ಸ್ ಎಂಬವರು. ವಿರೋಧ ಪಕ್ಷಕ್ಕೆ ಬರವಿರಲಿಲ್ಲ. ಕರ್ನಲ್ ಸಿಬ್‌ಥಾರ್ಪ್ ಎಂಬ ಸದಸ್ಯರು ತಮಗೆ ಓದುವುದೇ ಹಿಡಿಸದೆಂದೂ ಆಕ್ಸ್‌ಫರ್ಡಿನಲ್ಲಿದ್ದಾಗಲಂತೂ ಅದನ್ನು ದ್ವೇಷಿಸುತ್ತಿದ್ದುದಾಗಿಯೂ ಸಭೆಯಲ್ಲಿ ನಿಸ್ಸಂಕೋಚವಾಗಿ ನುಡಿದರು. ಇಂತಹ ಸಭೆಯಿಂದ ಹೊರಬಿದ್ದ ಶಾಸನವು ಕೃಶವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ. ಹತ್ತು ಸಾವಿರಕ್ಕೆ ಮೇಲ್ಪಟ್ಟ ಜನವುಳ್ಳ ಊರುಗಳು ಮಾತ್ರ, ಕಂದಾಯ ಕೊಡುವವರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಪ್ಪಿದರೆ ಮಾತ್ರ, ಪೌಂಡಿಗೆ ಅರ್ಧ ಪೆನ್ನಿಯನ್ನು ಮಾತ್ರ ಎತ್ತಬಹುದು. ಆ ಹಣದಿಂದ ಕಟ್ಟಡ ಕಟ್ಟಬಹುದು, ಸಿಬ್ಬಂದಿಗೆ ಸಂಬಳ ಕೊಡಬಹುದು, ಪುಸ್ತಕವನ್ನು ಕೊಳ್ಳಕೂಡದು! ಪುಸ್ತಕಗಳನ್ನು ಯಾರಾದರೂ ಉದಾರಿಗಳು ದಾನಮಾಡುವರೆಂದು ಶಾಸನ ಮಾಡಿದವರ ನಂಬಿಕೆ. ಐದು ವರ್ಷಗಳಲ್ಲಿಯೇ ಈ ಅಸಂಬದ್ಧತೆ ತಿಳಿದು, 1855ರಲ್ಲಿ ಮಿತಿಯು ಒಂದು ಪೆನ್ನಿಗೆ ಏರಿತು. ಪುಸ್ತಕ ಕೊಳ್ಳಲು ಅನುಮತಿಯೂ ದೊರೆಯಿತು. ಆ ಒಂದು ಪೆನ್ನಿಯ ಮಿತಿಯು 1919ರವರೆಗೆ ಹಾಗೆಯೇ ನಿಂತಿತು.

ಈ ಪೆನ್ನಿಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಅಗತ್ಯ. ಆಗಿನ ಇಂಗ್ಲಿಷ್ ನಾಣ್ಯದಲ್ಲಿ ಒಂದು ಪೌಂಡಿಗೆ 240 ಪೆನ್ನಿ. ಕಂದಾಯಕ್ಕಾಗಿ ಮನೆಗೆ ಕಟ್ಟಿದ ವಾರ್ಷಿಕ ಬೆಲೆಯ ಮೇಲೆ ಪ್ರತಿ ಪೌಂಡಿಗೂ ಒಂದೊಂದು ಪೆನ್ನಿಯಂತೆ ಇದನ್ನು ಎಣಿಸುತ್ತಿದ್ದರು. ವರ್ಷಕ್ಕೆ 24 ಪೌಂಡೆಂದು ಬೆಲೆಕಟ್ಟಿದ ಮನೆಯವನು ಕೊಡಬೇಕಾದದ್ದು 24 ಪೆನ್ನಿ, ಎಂದರೆ ಎರಡು ಶಿಲಿಂಗು. ಅಲ್ಪ ಮೊತ್ತವೇ ಸರಿ. ಆದರೆ ಇದು ಕಂದಾಯದ ಮೇಲಿನ ಕಂದಾಯವಲ್ಲ, ಮನೆಯ ಬೆಲೆಯ ಮೇಲೆಯೇ ನಿಂತ ಕಂದಾಯ. ಊರಿನಲ್ಲಿ ಹೊಸ ಬೀದಿಯೊಂದು ಹುಟ್ಟಿದರೆ ಭಂಡಾರಕ್ಕೆ ಹೊಸ ಪೆನ್ನಿಗಳು ಹುಟ್ಟುವುವು. ಕ್ರಾಯ್ಡನ್ನಿನಂತೆ ಬೀದಿಬೀದಿಯಾಗಿ ಬೆಳೆಯುತ್ತಿದ್ದ ಊರಿಗೆ ಇದರಿಂದಾದ ಅನುಕೂಲವನ್ನು ವಿವರಿಸಬೇಕಾಗಿಲ್ಲ.

ಕ್ರಾಯ್ಡನ್ನಿನವರು 1888ರಲ್ಲಿ ಈ ಶಾಸನವನ್ನು ಒಪ್ಪಿಕೊಂಡರು. 1890ರಲ್ಲಿ ನಾರ್ತ್ ಎಂಡ್ ಎಂಬ ಅಂಗಡಿಬೀದಿಯಲ್ಲಿ ಮೊದಲ ಭಂಡಾರ ತೆರೆಯಿತು. ಅದೇ 1890ರಲ್ಲಿ ವಾಂಡಲ್ ಹೊಳೆಯ ದಡದಲ್ಲಿ ಊರಿನ ಸಾರ್ವಜನಿಕ ಉದ್ಯಾನವೂ ತೆರೆಯಿತೆಂಬುದು ಗಮನಿಸತಕ್ಕ ಸಂಗತಿ. ನೀರು, ಚರಂಡಿ, ಉದ್ಯಾನ, ಪುಸ್ತಕ ಇವೆಲ್ಲವೂ ಒಂದೇ ಕಂದಾಯದ ಪಟ್ಟಿಯ ಬೇರೆಬೇರೆ ಸಾಲುಗಳೆಂಬ ಭಾವನೆ ಅಲ್ಲಿಯ ಜನರಲ್ಲಿ ಹೀಗೆ ಬೆಳೆಯಿತು.

ಆರು ವರ್ಷಗಳ ಬಳಿಕ ಭಂಡಾರವು ತನ್ನ ನಿಜವಾದ ನೆಲೆಗೆ ಬಂದಿತು. ಆ ನೆಲದ ಕಥೆ ಸ್ವಾರಸ್ಯವಾಗಿದೆ. ಊರ ನಡುವೆ ಕ್ಯಾಥರೀನ್ ಬೀದಿಯಲ್ಲಿ ರೈಲುಮಂಡಲಿಯವರು 1868ರಲ್ಲಿ ಒಂದು ನಿಲ್ದಾಣವನ್ನು ಕಟ್ಟಿದ್ದರು. ಜನ ಬಾರದೆ 1871ರಲ್ಲಿ ಅದನ್ನು ಮುಚ್ಚಿದರು. 1886ರಲ್ಲಿ ಮತ್ತೆ ತೆರೆದರು. 1890ರಲ್ಲಿ ಕೊನೆಯ ಬಾರಿಗೆ ಮುಚ್ಚಿದರು. ಪೌರಸಭೆಯವರು ಆ ಸ್ಥಳವನ್ನು ಕೊಂಡು, ಚಾರ್ಲ್ಸ್ ಹೆನ್ಮನ್ ಎಂಬ ಶಿಲ್ಪಿಯಿಂದ ನಗರಭವನವನ್ನು ಕಟ್ಟಿಸಿದರು. 1896ರ ಮೇ ತಿಂಗಳಲ್ಲಿ ಯುವರಾಜರು, ಎಂದರೆ ಮುಂದೆ ಏಳನೆಯ ಎಡ್ವರ್ಡ್ ಎನಿಸಿದವರು, ಅದನ್ನು ತೆರೆದರು. ಎತ್ತರದ ಗಡಿಯಾರದ ಗೋಪುರವುಳ್ಳ ಆ ಕಟ್ಟಡದಲ್ಲಿ ಪೌರಸಭೆಯ ಕಚೇರಿಗಳೂ ನ್ಯಾಯಸ್ಥಾನವೂ ಪುಸ್ತಕಭಂಡಾರವೂ ಒಟ್ಟಿಗೆ ನೆಲಸಿದುವು. ಹಳಿಗಳಿಗಾಗಿ ಅಗೆದಿದ್ದ ಹಳ್ಳವು ಪಕ್ಕದ ಹೂದೋಟವಾಯಿತು. ಕಂದಾಯ ಕಟ್ಟಲು ಬಂದವನು, ವ್ಯಾಜ್ಯಕ್ಕೆ ಬಂದವನು, ತೋಟದಲ್ಲಿ ಕುಳಿತುಕೊಳ್ಳಲು ಬಂದವಳು, ಯಾರೇ ಆಗಲಿ, ಪುಸ್ತಕಗಳ ಬಾಗಿಲಿನ ಮುಂದೆಯೇ ಹಾಯ್ದುಹೋಗಬೇಕಾಗಿತ್ತು. ರೈಲಿಗೆ ಒದಗದ ಸ್ಥಳವು ಓದಿಗೆ ಒದಗಿತು.

ಆದರೆ ಕಟ್ಟಡದ ವೈಭವವನ್ನು ಕಂಡು ಭಂಡಾರವು ಶ್ರೀಮಂತವಾಗಿದ್ದಿತೆಂದು ತಿಳಿಯಬಾರದು. ಒಂದು ಪೆನ್ನಿಯಿಂದ ಸಂಬಳ, ದೀಪ, ಇದ್ದಲು, ಹೊಲಿಗೆ, ರಟ್ಟು ಎಲ್ಲವನ್ನೂ ಪೂರೈಸಿ ಉಳಿದದ್ದರಲ್ಲಿ ಪುಸ್ತಕ ಕೊಳ್ಳಬೇಕು. ಆದುದರಿಂದ ಇರುವ ಪುಸ್ತಕವನ್ನೇ ಹೆಚ್ಚು ಕೈಗಳಿಗೆ ಮುಟ್ಟಿಸುವುದು ಹೇಗೆಂಬುದೇ ಆ ಕಾಲದ ಭಂಡಾರಿಗಳ ನಿತ್ಯಚಿಂತೆಯಾಯಿತು. ಪುಸ್ತಕಭಂಡಾರದ ವಿದ್ಯೆಯಲ್ಲಿ ಇಂದು ಶಾಸ್ತ್ರವೆಂದು ಹೇಳುವ ಎಷ್ಟೋ ವಿಧಾನಗಳು ಈ ಬಡತನದ ಮಕ್ಕಳು.

ಅದಕ್ಕೆ ಮೊದಲಿದ್ದ ಪದ್ಧತಿಯನ್ನು ಕಲ್ಪಿಸಿಕೊಳ್ಳುವುದು ಇಂದಿನ ವಾಚಕರಿಗೆ ಕಷ್ಟ. ಭಂಡಾರಕ್ಕೆ ಬಂದವನಿಗೆ ಪುಸ್ತಕಗಳು ಕಾಣಿಸುತ್ತಲೇ ಇರಲಿಲ್ಲ. ಅವನೆದುರಿಗೆ ಅಡ್ಡಕಟ್ಟೆ; ಅದರ ಮೇಲೆ ಗೋಡೆಯಂತೆ ನಿಂತ ದೊಡ್ಡ ಚೌಕಟ್ಟು; ಅದರ ತುಂಬ ಪುಸ್ತಕದ ಸಂಖ್ಯೆಗಳನ್ನು ಬರೆದ ಸಾವಿರಾರು ಸಣ್ಣ ಗೂಡುಗಳು. ಪ್ರತಿಯೊಂದು ಗೂಡಿನಲ್ಲಿಯೂ ಎರಡು ತುದಿಗಳಿಗೆ ಎರಡು ಬಣ್ಣ ಹಚ್ಚಿದ ತಗಡಿನ ತುಂಡು. ಒಂದು ಬಣ್ಣ ಕಂಡರೆ ಪುಸ್ತಕ ಒಳಗಿದೆ, ಇನ್ನೊಂದು ಕಂಡರೆ ಹೊರಗೆ ಹೋಗಿದೆ. ಓದುವವನು ಅಚ್ಚಾದ ಪಟ್ಟಿಯಲ್ಲಿ ಸಂಖ್ಯೆಯನ್ನು ಹುಡುಕಿ, ಚೌಕಟ್ಟಿನಲ್ಲಿ ಬಣ್ಣವನ್ನು ನೋಡಿ, ಕಟ್ಟೆಯಾಚೆಯ ಸೇವಕನಿಗೆ ಆ ಸಂಖ್ಯೆಯನ್ನು ಹೇಳಬೇಕು. ಔಷಧದ ಅಂಗಡಿಯಲ್ಲಿ ಚೀಟಿ ತೋರಿಸಿ ಸೀಸೆ ಪಡೆಯುವಂತೆ ಪುಸ್ತಕವನ್ನು ಪಡೆಯುವ ಈ ಏರ್ಪಾಟಿಗೆ ಕಾಟ್ಗ್ರೀವ್ ಎಂಬವರ ಸೂಚಕಯಂತ್ರವು ಬಹು ಪ್ರಸಿದ್ಧ. ಕಪಾಟುಗಳನ್ನು ತೆರೆದಿಟ್ಟರೆ ಜನರು ಪುಸ್ತಕ ಕದಿಯುವರೆಂಬುದು ಒಂದು ಭಯ. ಸ್ಥಾನಪಲ್ಲಟ ಮಾಡುವರೆಂಬುದು ಇನ್ನೊಂದು. 1894ರಲ್ಲಿ ಲಂಡನ್ನಿನ ಕ್ಲರ್ಕನ್‌ವೆಲ್ ಎಂಬಲ್ಲಿ ಜೇಮ್ಸ್ ಡಫ್ ಬ್ರೌನ್ ಎಂಬವರು ಈ ಗೋಡೆಯನ್ನು ಕೆಡವಿ, ಓದುಗರನ್ನು ಕಪಾಟುಗಳ ನಡುವೆಯೇ ಬಿಟ್ಟರು. ವೃತ್ತಿಬಾಂಧವರಲ್ಲಿ ದೊಡ್ಡ ವಾಗ್ವಾದವೆದ್ದಿತು. ಆ ಮಾದರಿಯನ್ನು ಮೊದಲ ಕೆಲವು ವರ್ಷಗಳಲ್ಲಿಯೇ ಕೈಕೊಂಡ ಊರುಗಳಲ್ಲಿ ಕ್ರಾಯ್ಡನ್ ಒಂದು. ಕಾದಂಬರಿಗಳನ್ನಷ್ಟೇ ಓದುವರೆಂಬ ಗೊಣಗಾಟಕ್ಕೆ ಇನ್ನೊಂದು ಉಪಾಯ ಹುಟ್ಟಿತು. ಒಬ್ಬನಿಗೆ ಎರಡು ಚೀಟಿ. ಎರಡನೆಯದಕ್ಕೆ ಕಾದಂಬರಿ ದೊರೆಯದು. ಇನ್ನು ಕೆಲವು ಊರುಗಳಲ್ಲಿ ವೃತ್ತಪತ್ರಿಕೆಗಳ ಕುದುರೆಪಂದ್ಯದ ಸುದ್ದಿಗೆ ಬೆಳಗ್ಗೆಯೇ ಕಪ್ಪುಮಸಿ ಬಳಿಯುತ್ತಿದ್ದರು. ಹೀಗೆ ಬಳಿದದ್ದರಿಂದ ಜೂಜು ಕಡಮೆಯಾಯಿತೆಂದು ಹೇಳುವುದು ಕಷ್ಟ.

1898ರಲ್ಲಿ ಲೂಯಿ ಸ್ಟ್ಯಾನ್ಲಿ ಜಾಸ್ಟ್ ಎಂಬವರು ಪೀಟರ್‌ಬರೋದಿಂದ ಕ್ರಾಯ್ಡನ್ನಿಗೆ ಮುಖ್ಯ ಭಂಡಾರಿಯಾಗಿ ಬಂದರು. ಪೋಲೆಂಡಿನಿಂದ ಬಂದು ನೆಲಸಿದ ತಂದೆಯ ಮಗ. ತಮ್ಮ ಉದ್ದವಾದ ಪೋಲಿಷ್ ಹೆಸರನ್ನು ಮೊಟಕುಮಾಡಿಕೊಂಡವರು. ಇವರು 1915ರವರೆಗೆ ಅಲ್ಲಿದ್ದು ಮಾಡಿದ ಕೆಲಸವೇ ಕ್ರಾಯ್ಡನ್ನಿನ ಕೀರ್ತಿಗೆ ಮೂಲ. ಅವರ ನೀತಿಯನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಭಂಡಾರದಲ್ಲಿ ಇಲ್ಲದುದನ್ನು ಊರಿನಿಂದ ಎರವಲು ತರುವುದು, ಊರಿನಲ್ಲಿ ಚದರಿಹೋದುದನ್ನು ಭಂಡಾರದಲ್ಲಿ ಕೂಡಿಸುವುದು. 1899ರಿಂದ ಎರಡು ತಿಂಗಳಿಗೊಮ್ಮೆ ವಾಚಕರಿಗಾಗಿ ಸಣ್ಣ ಪತ್ರಿಕೆಯೊಂದನ್ನು ಹೊರಡಿಸಿ, ಹೊಸದಾಗಿ ಬಂದ ಪುಸ್ತಕಗಳನ್ನೂ ಒಂದೊಂದು ವಿಷಯಕ್ಕೆ ಸಂಬಂಧಪಟ್ಟ ಹಳೆಯ ಪುಸ್ತಕಗಳನ್ನೂ ಅದರಲ್ಲಿ ತಿಳಿಸಿದರು. ಊರಿನಲ್ಲಿದ್ದ ವಿದ್ವಾಂಸರಿಂದ ಭಂಡಾರದಲ್ಲಿಯೇ ಉಪನ್ಯಾಸ ಮಾಡಿಸಿ, ಆ ವಿಷಯದ ಪುಸ್ತಕಗಳನ್ನು ಬಂದವರ ಕಣ್ಣಿಗೆ ಬೀಳುವಂತೆ ಇರಿಸಿದರು. ಕೂಡಿ ಓದುವ ಗೋಷ್ಠಿಗಳನ್ನು ಏರ್ಪಡಿಸಿದರು. ಚಿತ್ರಗಳನ್ನು ರಟ್ಟುಗಳಿಗೆ ಅಂಟಿಸಿ, ವಿಷಯವಾರಾಗಿ ವಿಂಗಡಿಸಿ, ಪಾಠಶಾಲೆಗಳಿಗೆ ಕೊಡುವ ಏರ್ಪಾಟೂ ಆಯಿತು.

ಇವುಗಳಲ್ಲೆಲ್ಲ ಇತಿಹಾಸಜ್ಞರು ಹೆಚ್ಚು ನೆನೆಯಬೇಕಾದದ್ದು 1902ರಲ್ಲಿ ಆರಂಭವಾದ ಸರ್ರೆ ಪ್ರಾಂತದ ಛಾಯಾಚಿತ್ರ ಸಂಗ್ರಹ. ಉಪನಗರವು ಹಬ್ಬುತ್ತ ಬಂದಂತೆ ಹಳ್ಳಿಯ ಹಳೆಯ ಮನೆಗಳು, ಗಿರಣಿಗಳು, ಓಣಿಗಳು, ಗುಡಿಗೋಪುರಗಳು ದಿನದಿನಕ್ಕೂ ಅಳಿಯುತ್ತಿದ್ದುವು. ಊರಿನಲ್ಲಿ ಛಾಯಾಚಿತ್ರದ ಹವ್ಯಾಸವುಳ್ಳವರಿಗೆ ಕೊರತೆಯಿರಲಿಲ್ಲ. ಆದರೆ ಅವರು ತೆಗೆದ ಚಿತ್ರಗಳು ಅವರವರ ಪೆಟ್ಟಿಗೆಗಳಲ್ಲಿಯೇ ಉಳಿಯುತ್ತಿದ್ದುವು. ಜಾಸ್ಟ್ ಮತ್ತು ಅವರ ಸಂಗಡಿಗರು ಈ ಹವ್ಯಾಸವನ್ನು ಒಂದು ಕ್ರಮಕ್ಕೆ ತಂದು, ಯಾವ ಕಟ್ಟಡ, ಯಾವ ದಿನ, ಯಾವ ದಿಕ್ಕಿನಿಂದ ಎಂಬ ವಿವರಗಳೊಡನೆ ಚಿತ್ರಗಳನ್ನು ಭಂಡಾರದಲ್ಲಿ ವರ್ಗೀಕರಿಸಿ ಇರಿಸಿದರು. ಆ ಅನುಭವವನ್ನು ಗವರ್, ಜಾಸ್ಟ್, ಟಾಪ್ಲಿ ಎಂಬ ಮೂವರು ಸೇರಿ 1916ರಲ್ಲಿ ಒಂದು ಗ್ರಂಥವಾಗಿ ಬರೆದರು. ಸ್ಥಳೀಯ ಚರಿತ್ರೆಯ ಸಾಮಗ್ರಿಯನ್ನು ಸ್ಥಳದವರಿಂದಲೇ ಕೂಡಿಸುವ ವಿಧಾನಕ್ಕೆ ಆ ಪುಸ್ತಕವು ಇಂದಿಗೂ ಓದತಕ್ಕದ್ದು. ಇದಕ್ಕೆಲ್ಲ ಭಂಡಾರದ ಪೆನ್ನಿಗಳಿಂದ ಖರ್ಚಾದುದು ಕಡಮೆ. ಹೆಚ್ಚಾಗಿ ವ್ಯಯವಾದುದು ಊರಿನವರ ಬಿಡುವು.

1915ರಲ್ಲಿ ಜಾಸ್ಟ್ ಮ್ಯಾಂಚೆಸ್ಟರಿಗೆ ಹೋದ ಮೇಲೆ, 1904ರಿಂದ ಅವರ ಕೈಕೆಳಗಿದ್ದ ಬರ್ವಿಕ್ ಸೇಯರ್ಸ್ ಮುಖ್ಯ ಭಂಡಾರಿಯಾಗಿ 1947ರವರೆಗೆ ಅಲ್ಲಿಯೇ ಇದ್ದರು. ಇವರ ಒಲವು ಎರಡು ಕಡೆ: ಒಂದು ವರ್ಗೀಕರಣ ಶಾಸ್ತ್ರ, ಇನ್ನೊಂದು ಮಕ್ಕಳು. ಮಕ್ಕಳಿಗಾಗಿ ಬೇರೆಯ ಕೊಠಡಿ, ತಗ್ಗಾದ ಕಪಾಟು, ವಾರದ ಕಥಾಪ್ರಸಂಗ ಇವುಗಳ ವಿಷಯದಲ್ಲಿ ಇಂಗ್ಲೆಂಡಿನಲ್ಲಿ ಮೊದಲಾಗಿ ಬರೆದವರಲ್ಲಿ ಇವರೊಬ್ಬರು.

ಊರು ದೊಡ್ಡದಾದಂತೆ ನಡುವಿನ ಭಂಡಾರವೊಂದೇ ಸಾಲದೆ ಶಾಖೆಗಳು ಹುಟ್ಟಿದುವು. ಥಾರ್ನ್‌ಟನ್ ಹೀತ್ ಎಂಬ ಭಾಗದ ಶಾಖೆಯು ಅಮೆರಿಕದ ಕಾರ್ನೆಗಿಯವರ ದಾನದಿಂದ 1914ರಲ್ಲಿ ತೆರೆಯಿತು. ಅದಕ್ಕಿಂತಲೂ ಕುತೂಹಲಕರವಾದುದು ಅಪ್ಪರ್ ನಾರ್ವುಡ್ಡಿನ ಭಂಡಾರ. ಸ್ಫಟಿಕಭವನವು ನಿಂತಿದ್ದ ಗುಡ್ಡದ ಮೇಲಿನ ಆ ಭಾಗವು ಹಲವು ಪೌರಸಭೆಗಳ ಎಲ್ಲೆಗಳು ಕೂಡುವ ಸ್ಥಳ. ಬೀದಿಯ ಈ ಮಗ್ಗುಲಿನವನು ಕ್ರಾಯ್ಡನ್ನಿಗೂ ಆ ಮಗ್ಗುಲಿನವನು ಲ್ಯಾಂಬೆತ್ತಿಗೂ ಕಂದಾಯ ಕಟ್ಟುತ್ತಿದ್ದನು. ಎರಡು ಸಭೆಗಳೂ ತಮ್ಮ ನಡುಭಾಗದ ಲೆಕ್ಕದಲ್ಲಿ ಅದನ್ನು ದೂರದ ಮೂಲೆಯೆಂದು ಬಿಟ್ಟುಬಿಡಬಹುದಾಗಿದ್ದಿತು. ಹಾಗೆ ಮಾಡದೆ 1898ರಲ್ಲಿ ಅವು ಒಪ್ಪಂದ ಮಾಡಿಕೊಂಡು, ಇಬ್ಬರ ಪೆನ್ನಿಗಳನ್ನೂ ಕೂಡಿಸಿ, ಜಂಟಿಸಮಿತಿಯ ಕೈಯಲ್ಲಿ ಒಂದು ಭಂಡಾರವನ್ನು 1900ರಲ್ಲಿ ತೆರೆದುವು.

ಇಂತಿದ್ದ ಕ್ರಾಯ್ಡನ್ನಿಗೆ 1924ರಲ್ಲಿ ಮದರಾಸಿನಿಂದ ಒಬ್ಬ ವಿದ್ಯಾರ್ಥಿ ಬಂದರು. ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಶ್ರೀ ಎಸ್. ಆರ್. ರಂಗನಾಥನ್ ಅವರು ಆ ವರ್ಷದ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಪುಸ್ತಕಭಂಡಾರಿಯಾಗಿ ನೇಮಕಗೊಂಡಿದ್ದರು. ಓದುವವರಿಲ್ಲದ ಆ ಕೊಠಡಿಯಲ್ಲಿ ಕೂರಲಾರದೆ, ತಮ್ಮ ಹಳೆಯ ಕೆಲಸಕ್ಕೆ ಹಿಂತಿರುಗಲು ಅವರು ಅಪೇಕ್ಷಿಸಿದರಂತೆ. ಒಮ್ಮೆ ಇಂಗ್ಲೆಂಡಿಗೆ ಹೋಗಿಬಂದು ಆಮೇಲೆ ಬೇಕಾದರೆ ಬಿಡಬಹುದೆಂಬ ಒಪ್ಪಂದವಾಯಿತು. ಸೆಪ್ಟೆಂಬರಿನಲ್ಲಿ ಹೊರಟು ಲಂಡನ್ನಿನ ಯೂನಿವರ್ಸಿಟಿ ಕಾಲೇಜನ್ನು ಸೇರಿದಾಗ ಅಲ್ಲಿ ವರ್ಗೀಕರಣವನ್ನು ಬೋಧಿಸುತ್ತಿದ್ದವರು ಸೇಯರ್ಸ್. ತರಗತಿಯ ಪಾಠಕ್ಕಿಂತ ಭಂಡಾರದ ಕೆಲಸವೇ ಈತನಿಗೆ ತಕ್ಕುದೆಂದು ಕಂಡು, ಅವರು ರಂಗನಾಥನ್ ಅವರನ್ನು ಕ್ರಾಯ್ಡನ್ನಿಗೆ ಕರೆದುಕೊಂಡು ಹೋಗಿ ಎಲ್ಲ ವಿಭಾಗಗಳಲ್ಲಿಯೂ ಕೆಲಸಮಾಡಲು ಬಿಟ್ಟರು.

ಮದರಾಸಿನ ಪ್ರಾಧ್ಯಾಪಕರಿಗೆ ಅಲ್ಲಿ ಹೊಸದಾಗಿ ಕಂಡದ್ದು ಪುಸ್ತಕಗಳಲ್ಲ, ಓದುವವರು. ಭಾರತದಲ್ಲಿ ಆಗ ಭಂಡಾರವೆಂದರೆ ಪಂಡಿತರ, ವಿದ್ಯಾರ್ಥಿಗಳ ಸ್ಥಳ; ಇಲ್ಲಿ ಮಕ್ಕಳು, ಗೃಹಿಣಿಯರು, ಕಾರ್ಖಾನೆಯವರು, ಅಂಗಡಿಯವರು ಎಲ್ಲರೂ ಒಂದೇ ಬಾಗಿಲಿನಿಂದ ಬರುತ್ತಿದ್ದರು. ಅವರು ಬ್ರಿಟನ್ನಿನ ಇತರ ಎಷ್ಟೋ ಭಂಡಾರಗಳನ್ನು ಸುತ್ತಿ ನೋಡಿದರಾದರೂ, ನಿತ್ಯದ ಆಡಳಿತವನ್ನು ಕೈಯಾರೆ ಕಲಿತದ್ದು ಈ ಉಪನಗರದಲ್ಲಿಯೇ. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೊ ಎಂಬ ಆಟದ ಸಾಮಾನನ್ನು ಕಂಡು ತಮ್ಮ ದ್ವಿಬಿಂದು ವರ್ಗೀಕರಣದ ಸೂತ್ರವನ್ನು ಹೊಳೆಯಿಸಿಕೊಂಡದ್ದೂ, 1925ರಲ್ಲಿ ಮರಳುವಾಗ ಹಡಗಿನ ಪುಸ್ತಕಗಳ ಮೇಲೆ ಅದನ್ನು ಪರೀಕ್ಷಿಸಿದ್ದೂ ಎಲ್ಲರೂ ಬಲ್ಲ ಕಥೆ. ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಮರಳಿದವರು ಗಣಿತದ ಕಡೆಗೆ ತಿರುಗಲಿಲ್ಲವೆಂಬುದೇ ಮುಖ್ಯ.

ಮದರಾಸಿನಲ್ಲಿ ಅವರು ವಿಶ್ವವಿದ್ಯಾನಿಲಯದ ಕಪಾಟುಗಳನ್ನು ತೆರೆಯಿಸಿದರು. 1928ರಲ್ಲಿ ಪ್ರಾಂತದ ಪುಸ್ತಕಭಂಡಾರ ಸಂಘವು ಹುಟ್ಟಿತು. 1931ರಲ್ಲಿ ಪಂಚಸೂತ್ರಗಳ ಗ್ರಂಥವು ಅಚ್ಚಾಯಿತು. ಪುಸ್ತಕದ ಸಾರ್ಥಕತೆ ಬಳಕೆಯಲ್ಲಿದೆಯೆಂಬ ಮೊದಲನೆಯ ಸೂತ್ರವನ್ನು ವಿವರಿಸುವಾಗ ಅವರು ತತ್ತ್ವವಿಚಾರಕ್ಕೆ ಹೋಗದೆ ಭಂಡಾರದ ಸ್ಥಳ, ತೆರೆದಿರುವ ಹೊತ್ತು, ಪೀಠೋಪಕರಣ, ಸಿಬ್ಬಂದಿ ಎಂಬ ನಾಲ್ಕು ಸಂಗತಿಗಳನ್ನೇ ಹಿಡಿದು ವಿಚಾರಿಸುತ್ತಾರೆ. ಕ್ಯಾಥರೀನ್ ಬೀದಿಯ ನೆನಪು ಆ ಪುಟಗಳ ಹಿಂದೆ ಇಲ್ಲವೆಂದು ಹೇಳಲಾಗದು. ಅದೇ 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯ ಮೇಲೆ ಪುಸ್ತಕಗಳು ಹೊರಟುವು. ಉಪನಗರದ ಶಾಖೆಗೆ ಪ್ರತಿಯಾಗಿ ಹಳ್ಳಿಗೆ ಗಾಡಿ. ಬಾಡಿಗೆಯ ಮನೆಗಿಂತ ಎರಡು ಎತ್ತುಗಳು ಅಗ್ಗವೆಂಬ ಲೆಕ್ಕ ಸರಿಯಾದುದೇ.

ಹಣದ ಪ್ರಶ್ನೆಯು ಇಷ್ಟರಿಂದ ಮುಗಿಯಲಿಲ್ಲ. 1930ರ ಡಿಸೆಂಬರಿನಲ್ಲಿ ಕಾಶಿಯಲ್ಲಿ ಕೂಡಿದ ಏಷ್ಯಾಖಂಡದ ವಿದ್ಯಾಸಮ್ಮೇಳನದ ಮುಂದೆ ರಂಗನಾಥನ್ ಅವರು ಮಾದರಿ ಶಾಸನವೊಂದನ್ನು ಇಟ್ಟಿದ್ದರು. ಅದರ ಫಲ ಕಾಣಲು ಹದಿನೆಂಟು ವರ್ಷ ಹಿಡಿಯಿತು. ಅವಿನಾಶಿಲಿಂಗಂ ಚೆಟ್ಟಿಯಾರ್ ಅವರು ವಿದ್ಯಾಮಂತ್ರಿ ಆಗಿದ್ದಾಗ 1948ರಲ್ಲಿ ಮದರಾಸು ಸಾರ್ವಜನಿಕ ಪುಸ್ತಕಭಂಡಾರಗಳ ಶಾಸನವಾಯಿತು. ಮನೆಕಂದಾಯದ ಪ್ರತಿ ರೂಪಾಯಿಗೂ ಆರು ಪೈಗಳಂತೆ ಪುಸ್ತಕಕರವನ್ನು ವಿಧಿಸಿದರು. ಆಗ ರೂಪಾಯಿಗೆ 192 ಪೈ. ಎಂದರೆ ಕಂದಾಯದ ಮೂವತ್ತೆರಡರಲ್ಲಿ ಒಂದು ಪಾಲು. ಕ್ರಾಯ್ಡನ್ನಿನ ಪೆನ್ನಿ ಹೀಗೆ ಪೈಯಾಗಿ ಭಾರತಕ್ಕೆ ಬಂದಿತು.

ಕನ್ನಡಿಗರಿಗೆ ಇದು ಪರರಾಜ್ಯದ ಸಂಗತಿಯಲ್ಲ. ದಕ್ಷಿಣ ಕನ್ನಡ ಜಿಲ್ಲೆಯೂ ಬಳ್ಳಾರಿಯೂ ಆಗ ಮದರಾಸಿಗೆ ಸೇರಿದ್ದುವು. ಬಳ್ಳಾರಿಯು 1953ರಲ್ಲಿಯೂ ದಕ್ಷಿಣ ಕನ್ನಡವು 1956ರಲ್ಲಿಯೂ ಮೈಸೂರನ್ನು ಸೇರಿದಾಗ ಅವು ಈ ಶಾಸನವನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದುವು. ಹೈದರಾಬಾದಿನಿಂದ ಬಂದ ಕನ್ನಡ ಜಿಲ್ಲೆಗಳಿಗೆ 1955ರ ಇನ್ನೊಂದು ಶಾಸನವಿತ್ತು. ಹಳೆಯ ಮೈಸೂರಿನಲ್ಲಿ ಅಂತಹ ಶಾಸನವಿರಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ ಬೆಂಗಳೂರಿನಲ್ಲಿಯೂ ಮೈಸೂರಿನಲ್ಲಿಯೂ ಸಾರ್ವಜನಿಕ ಪುಸ್ತಕಭಂಡಾರಗಳೇನೋ ಸ್ಥಾಪಿತವಾಗಿದ್ದುವು. ಬೆಂಗಳೂರಿನದು 1915ರಲ್ಲಿ ಕಬ್ಬನ್ ಉದ್ಯಾನದ ಶೇಷಾದ್ರಿ ಅಯ್ಯರ್ ಸ್ಮಾರಕಭವನದಲ್ಲಿ ನೆಲಸಿತು. ಮರಗಳ ನಡುವಿನ ಆ ಕೆಂಪು ಕಟ್ಟಡಕ್ಕಿಂತ ಚೆಲುವಾದ ಸ್ಥಳ ಪುಸ್ತಕಗಳಿಗೆ ದೊರೆಯುವುದು ಅಪರೂಪ. ಆದರೆ 1898ರ ಪ್ಲೇಗಿನ ಬಳಿಕ ಜನ ತುಂಬಿದ ಬಸವನಗುಡಿ ಮಲ್ಲೇಶ್ವರಗಳಿಂದ ಅಲ್ಲಿಗೆ ಎರಡು ಮೂರು ಮೈಲಿ ನಡೆಯಬೇಕು. ಬಡಾವಣೆಯ ಗೃಹಿಣಿಗಾಗಲಿ ಮಗುವಿಗಾಗಲಿ ಅದು ಒದಗುವ ಭಂಡಾರವಲ್ಲ. 1945ರಲ್ಲಿ ಬಸವನಗುಡಿಯಲ್ಲಿಯೇ ಡಿ. ವಿ. ಗುಂಡಪ್ಪನವರಿಂದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ, ಬಿ. ಪಿ. ವಾಡಿಯಾ ಅವರಿಂದ ವಿಶ್ವಸಂಸ್ಕೃತಿಯ ಸಂಸ್ಥೆಯೂ ಹುಟ್ಟಿ, ಉಪನ್ಯಾಸ ಗ್ರಂಥಾಲಯಗಳೆರಡನ್ನೂ ಬಡಾವಣೆಯ ಬಾಗಿಲಿಗೆ ತಂದುವು. ಜಾಸ್ಟ್ ಮಾಡಿದ ಕೆಲಸದ ಒಂದು ಪಾಲನ್ನು ಇಲ್ಲಿ ಕಂದಾಯದ ನೆರವಿಲ್ಲದೆ ನಾಗರಿಕರೇ ನಡೆಯಿಸಿದರೆಂದು ಹೇಳಬಹುದು.

ರಂಗನಾಥನ್ ಅವರು 1950ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಬಂದು ನೆಲಸಿ, 1962ರಲ್ಲಿ ಇಲ್ಲಿ ಗ್ರಂಥಸೂಚಿ ಶಾಸ್ತ್ರದ ಸಂಶೋಧನ ಕೇಂದ್ರವನ್ನು ಆರಂಭಿಸಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಮಾದರಿಯ ಮುದ್ರೆಯುಳ್ಳ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಶಾಸನವು 1965ರಲ್ಲಿ ಆಗಿ, ಮುಂದಿನ ವರ್ಷ ಜಾರಿಗೆ ಬಂದಿತು. ರಾಜ್ಯದ ಎಲ್ಲ ಭಾಗಗಳಿಗೂ ಒಂದೇ ನಿಯಮ ಬಂದಿತು. ಕರದ ಮೊದಲ ಪ್ರಮಾಣ ರೂಪಾಯಿಗೆ ಮೂರು ಪೈಸೆ. ಮದರಾಸಿನ ಆರು ಪೈಗೂ ಇದಕ್ಕೂ ಎಳ್ಳಷ್ಟು ಅಂತರ. ಮುಂದೆ ಅದು ನೂರಕ್ಕೆ ಆರಕ್ಕೆ ಏರಿತು.

ಇಷ್ಟು ಬಂದಿತು. ಹಿಂದೆ ಉಳಿದದ್ದೇನು? ಮೊದಲನೆಯದಾಗಿ, ಕ್ರಾಯ್ಡನ್ನಿನ ಪೆನ್ನಿ ಮನೆಯ ಬೆಲೆಯ ಮೇಲೆ ನಿಂತಿತ್ತು. ಮದರಾಸು ಮೈಸೂರುಗಳ ಕರವು ಕಂದಾಯದ ಬಾಲವಾಗಿ ನಿಂತಿತು. ಪೌರಸಭೆಯವರು ಓಟುಗಳ ಭಯದಿಂದ ಕಂದಾಯವನ್ನು ಏರಿಸದಿದ್ದರೆ ಪುಸ್ತಕದ ಪಾಲೂ ಏರುವಂತಿಲ್ಲ. ಎರಡನೆಯದು ಇನ್ನೂ ಮುಖ್ಯ. ಅಲ್ಲಿ ಹಣವನ್ನು ಎತ್ತುವ ಸಭೆಯೇ ಭಂಡಾರವನ್ನು ನಡೆಯಿಸುತ್ತಿತ್ತು. ಎರಡೂ ಒಂದೇ ಗೋಪುರದ ಕೆಳಗಿದ್ದುವು. ಪುಸ್ತಕ ಸಾಲದೆಂದು ತೋರಿದವನು ಕೇಳಬೇಕಾದ ಬಾಗಿಲು ಪಕ್ಕದ್ದೇ. ಇಲ್ಲಿ ಹಣವನ್ನು ಎತ್ತುವುದು ನಗರದ ಆಡಳಿತ, ವ್ಯಯ ಮಾಡುವುದು ಬೇರೆ ಪ್ರಾಧಿಕಾರ ಮತ್ತು ರಾಜ್ಯದ ಇಲಾಖೆ. ಎತ್ತಿದ ಹಣವೆಲ್ಲ ಗ್ರಂಥಾಲಯಗಳಿಗೆ ಸಂದಾಯವಾಗದೆ ಬಾಕಿ ಬೆಳೆಯಿತೆಂಬ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದುದಕ್ಕೆ ಈ ಏರ್ಪಾಟೇ ಬಹುಮಟ್ಟಿಗೆ ಕಾರಣ. ಕೊಡುವವನಿಗೆ ಕೊಟ್ಟ ನೆನಪೂ ಇಲ್ಲ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದ ಲೆಕ್ಕದಲ್ಲಿ ಆಸ್ತಿತೆರಿಗೆಯ ಮೇಲೆ ಆರೋಗ್ಯಕ್ಕೆ ನೂರಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪರಿಹಾರಕ್ಕೆ 3 ಸೇರಿ 24 ಎಂದು ಒಟ್ಟು ಮಾಡುತ್ತಿದ್ದರು. ರೋಗಕ್ಕೂ ಭಿಕ್ಷೆಗೂ ನಡುವೆ ಪುಸ್ತಕಕ್ಕೆ ಸ್ಥಳ ಕೊಟ್ಟವರ ಮನಸ್ಸಿನಲ್ಲಿ ಏನಿತ್ತೋ ತಿಳಿಯದು.

ಆದರೂ ಒಂದು ಪಕ್ಷವನ್ನೇ ಹಿಡಿಯುವುದು ನ್ಯಾಯವಲ್ಲ. ಇಂಗ್ಲೆಂಡಿನ ಪೆನ್ನಿ ಎತ್ತಿದ ಊರಿನಲ್ಲಿಯೇ ಉಳಿಯುತ್ತಿದ್ದುದರಿಂದ ಅಲ್ಲಿಯ ಹಳ್ಳಿಗಳಿಗೆ 1919ರವರೆಗೆ ಭಂಡಾರವೇ ಅಪರೂಪವಾಗಿತ್ತು; ಮದರಾಸಿನ ಶಾಸನವು ಜಿಲ್ಲೆಯ ಹಣವನ್ನೆಲ್ಲ ಒಟ್ಟುಗೂಡಿಸಿದ್ದರಿಂದ ಪೇಟೆಯ ಕರದಲ್ಲಿ ಹಳ್ಳಿಗೂ ಪಾಲು ದೊರೆಯಿತು. ಒಂದೇ ಗೋಪುರದ ಕೆಳಗೆ ಇರುವುದರ ಅಪಾಯವನ್ನು ಕ್ರಾಯ್ಡನ್ನಿನವರು ತಡವಾಗಿ ಕಂಡರು. 1965ರಲ್ಲಿ, ಮೈಸೂರಿನ ಶಾಸನವಾದ ವರ್ಷವೇ, ಅವರ ಊರು ನೆರೆಯ ಕೋಲ್ಸ್‌ಡನ್ ಪರ್ಲಿಗಳೊಡನೆ ಸೇರಿ ಲಂಡನ್ನಿನ ಒಂದು ಭಾಗವಾಯಿತು. 1993ರಲ್ಲಿ ನಡುವಿನ ಭಂಡಾರವು ಹಳೆಯ ಗೋಪುರದ ಮಗ್ಗುಲಲ್ಲಿಯೇ ಕಟ್ಟಿದ ಹೊಸ ಕಟ್ಟಡಕ್ಕೆ ಹೋಯಿತು. 2020ರ ನವೆಂಬರಿನಲ್ಲಿ ಪೌರಸಭೆಯು ಆಯವ್ಯಯವನ್ನು ತೂಗಿಸಲಾರೆನೆಂದು ಶಾಸನಬದ್ಧ ಪ್ರಕಟಣೆ ಹೊರಡಿಸಬೇಕಾಯಿತು. 2024ರಲ್ಲಿ ಬ್ರಾಡ್‌ಮೋರ್ ಗ್ರೀನ್, ಬ್ರಾಡ್ ಗ್ರೀನ್, ಸ್ಯಾಂಡರ್‌ಸ್ಟೆಡ್, ಶರ್ಲಿ ಎಂಬ ನಾಲ್ಕು ಶಾಖೆಗಳನ್ನು ಮುಚ್ಚಲು ತೀರ್ಮಾನವಾಯಿತು. ಪುಸ್ತಕಕ್ಕೆಂದು ಬೇರೆಯಾಗಿ ತೆಗೆದಿರಿಸಿದ ಪೆನ್ನಿ ಆ ಹೊತ್ತಿಗೆ ಇರಲಿಲ್ಲ. ಇತರ ಸಾಲಗಳೊಡನೆ ಭಂಡಾರವೂ ಒಂದೇ ತಕ್ಕಡಿಯಲ್ಲಿ ತೂಗಿತು.

ಎರಡು ಪೌರಸಭೆಗಳ ಎಲ್ಲೆಯಲ್ಲಿ ಹುಟ್ಟಿದ ಅಪ್ಪರ್ ನಾರ್ವುಡ್ಡಿನ ಭಂಡಾರದ ಗತಿ ಬೇರೆಯಾಯಿತು. ಕ್ರಾಯ್ಡನ್ ತನ್ನ ಪಾಲಿನ ಹಣವನ್ನು ಹಿಂತೆಗೆದುಕೊಂಡ ಮೇಲೆ ಬಡಾವಣೆಯವರು ಸೇರಿ ಒಂದು ನ್ಯಾಸವನ್ನು ಕಟ್ಟಿಕೊಂಡು, ಲ್ಯಾಂಬೆತ್ತಿನ ನೆರವಿನೊಡನೆ, 1900ರಲ್ಲಿ ತೆರೆದ ಅದೇ ಕಟ್ಟಡದಲ್ಲಿ ಅದನ್ನು ಉಳಿಸಿಕೊಂಡರು.